ಚೌಕಾಸಿಯಲ್ಲಿ ಕೆಟ್ಟ ಸಹಿ

ಮಂಗಳವಾರ, ಹನ್ನೆರಡನೇ ತಾರೀಕು
ಅಂಗಡಿಯಿಂದ

ನನ್ನ ಗುಬ್ಬಿಗೆ,

ಅಪ್ಪನ ಆಶೀರ್ವಾದ. ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ, ತಪ್ಪು ನನ್ನದೇ. ಫೋನ್ ಮಾಡಬಹುದಿತ್ತು. ಆದರೆ ನಾನು ಫೋನಿನಲ್ಲಿ ಮಾತಾಡಿದರೆ ಪಕ್ಕದ ಬೀಗದಂಗಡಿಯವನು ಜಗಳವೆಂದು ಬಿಡಿಸಲು ಓಡಿ ಬರುತ್ತಾನೆ. ಕಾಗದವೇ ವಾಸಿ.

ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವು ಹಾಗೇ ಇದೆ, ನಾಲಿಗೆಯೂ ಹಾಗೇ ಇದೆ. ನಾನು ಮಾರಾಟಕ್ಕಿಟ್ಟ ಹಳೇ ಊಟದ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ನಾಲ್ಕು ಗಂಟೆಗೆ ಇದನ್ನು ನೋಡಲು ಯಾರೋ ಗಂಡ ಹೆಂಡತಿ ಬರುತ್ತಾರೆ, ಅಷ್ಟರಲ್ಲಿ ಮುಗಿಸಬೇಕು.

ಈಗ ನೀನು ಪ್ರತಿ ಕಾಗದದಲ್ಲೂ ಕೇಳುವ ಪ್ರಶ್ನೆಗೆ ಬರುತ್ತೇನೆ. ‘ಅಪ್ಪಾ, ನಿನ್ನ ಸ್ಕೋರ್ ಎಷ್ಟಾಯ್ತು?’ ಸಾಲ ಕೊಡುವ ಮೊದಲು ಬ್ಯಾಂಕಿನವರು ನೋಡುವ ಆ ಅಂಕ ಈಗ ಏಳುನೂರ ನಲವತ್ತೆರಡು. ಎರಡು ವರ್ಷದ ಹಿಂದೆ ಐನೂರ ಎಂಬತ್ತೊಂದು ಇತ್ತು. ಕುಣಿದಾಡಬೇಕಿತ್ತು ನಾನು. ಸುಸ್ತಾಗಿದೆ ಮಗಳೇ, ಅಷ್ಟೇ. ಮೂಳೆಯೊಳಗೆ ಸುಸ್ತಾಗಿದೆ.

ನಿನಗೆ ಪೂರ್ತಿ ಕಥೆ ಯಾವತ್ತೂ ಹೇಳಿಲ್ಲ. ಹೇಳಲು ನಾಚಿಕೆ. ಮುಚ್ಚಿಹೋದ ಆಫೀಸೊಂದರ ನಲವತ್ತೆರಡು ಕುರ್ಚಿಗಳನ್ನು ಕ್ರೆಡಿಟ್ ಕಾರ್ಡ್ ಉಜ್ಜಿ ತಂದೆನಲ್ಲ, ಅಲ್ಲಿಂದ ಶುರು. ಒಂಬತ್ತು ಮಾರಾಟವಾದವು. ತಿಂಗಳ ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಅಂತ ಒಂದು ಸಣ್ಣ ಮೊತ್ತ ಇರುತ್ತದೆ. ನಾನು ಅದನ್ನೇ ಕಂತು ಅಂದುಕೊಂಡು ಮೂರು ವರ್ಷ ತಪ್ಪದೆ ಕಟ್ಟಿದೆ. ಅಸಲು ಕದಲಲಿಲ್ಲ, ಬಡ್ಡಿ ಬೆಳೆಯಿತು. ಕಟ್ಟಲು ಆಗದೆ ನಿಲ್ಲಿಸಿದಾಗ ಬಾಕಿ ಒಂದು ಲಕ್ಷ ಎಂಬತ್ತು ಸಾವಿರವಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಮೂವತ್ತು ವರ್ಷ ಮಂಚ ಮಾರಿದ ನನಗೇ ಅದು ತಿಳಿಯಲಿಲ್ಲ ನೋಡು.

ಆಮೇಲೆ ವಸೂಲಿಯವನು ಬಂದ. ನಾನು ಅವನನ್ನು ಒಂದು ಕಾಲು ಗಿಡ್ಡ ಇರುವ ಕುರ್ಚಿಯ ಮೇಲೆ ಕೂರಿಸಿದೆ. ಅಲುಗಾಡುವ ಕುರ್ಚಿಯಲ್ಲಿ ಕೂತವನಿಗೆ ಬೇಗ ಎದ್ದು ಹೋಗುವ ಆತುರ, ಬೆಲೆ ಇಳಿಸುತ್ತಾನೆ. ಇದು ನಮ್ಮ ವ್ಯಾಪಾರದ ಹಳೇ ಉಪಾಯ. ಎರಡು ಸಲ ಚಹಾ ಕೊಟ್ಟೆ, ಮೂರು ಸಲ ‘ಆಗಲ್ಲ ಹೋಗಪ್ಪಾ’ ಅಂದೆ. ಕೊನೆಗೆ ಎಪ್ಪತ್ತು ಸಾವಿರಕ್ಕೆ ಇಳಿಸಿ, ಕಟ್ಟಿ, ‘ಸೆಟಲ್‌ಮೆಂಟ್ ಆಗಿದೆ’ ಅನ್ನುವ ಕಾಗದ ಇಸಿದುಕೊಂಡೆ. ಬೀದಿಯಲ್ಲಿ ಒಬ್ಬರನ್ನೂ ಬಿಡದೆ ಹೇಳಿಕೊಂಡು ಬಂದೆ. ಬ್ಯಾಂಕಿನ ಹತ್ತಿರವೇ ಚೌಕಾಸಿ ಮಾಡಿ ಗೆದ್ದವನು ಅಂತ ಮೀಸೆ ತಿರುವಿದ್ದೇ ತಿರುವಿದ್ದು. ಅಮ್ಮ ಒಬ್ಬಳೇ ‘ರೀ, ಅವರು ಅಷ್ಟು ಸುಲಭವಾಗಿ ಬಿಟ್ಟರಾ?’ ಅಂದಳು. ಅವಳ ಬಾಯಿ ಮುಚ್ಚಿಸಿದೆ.

ಆಮೇಲಿನದು ನಿನಗೆ ಗೊತ್ತು. ನೀನು ತೆರೆಯಬೇಕೆಂದಿದ್ದ ಕನ್ನಡಕದ ಅಂಗಡಿಗೆ, ಕಣ್ಣು ಪರೀಕ್ಷೆಯ ಯಂತ್ರಕ್ಕೆ ಸಾಲ ಕೇಳಲು ಇಬ್ಬರೂ ಹೋದೆವು. ಜೊತೆಗೆ ಸಹಿ ಹಾಕುವವನು ನಾನು. ಮೇಡಂ ಕಂಪ್ಯೂಟರ್ ನೋಡಿ ಹೇಳಿದರು, ‘ಸರ್, ನೀವು ಪೂರ್ತಿ ತೀರಿಸಿಲ್ಲ. ಅವರು ಬಿಟ್ಟುಕೊಟ್ಟಿದ್ದೆಲ್ಲ ನಷ್ಟ ಅಂತ ನಿಮ್ಮ ಹೆಸರಲ್ಲಿ ದಾಖಲಾಗಿದೆ. ವರ್ಷಗಟ್ಟಲೆ ಹಾಗೇ ಇರುತ್ತೆ. ನಿಮ್ಮ ಸಹಿ ನಡೆಯಲ್ಲ.’ ನೀನು ಯಂತ್ರದ ಬೆಲೆಪಟ್ಟಿ ಹಿಡಿದು ನಿಂತಿದ್ದೆ. ‘ಪರವಾಗಿಲ್ಲ ಅಪ್ಪಾ, ಮುಂದೆ ನೋಡೋಣ’ ಅಂತ ಅದನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡೆ. ನೀನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವತ್ತೇ ಹಟ ಹಿಡಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೊದಲು ಕ್ಷೌರದಂಗಡಿಯ ಮಹಡಿ ಮೇಲೆ ‘ಸ್ಕೋರ್ ರಿಪೇರಿ’ ಬೋರ್ಡು ಹಾಕಿಕೊಂಡವನ ಹತ್ತಿರ ಹೋದೆ. ಹದಿನೈದು ಸಾವಿರ ಕೊಟ್ಟರೆ ಒಂದೇ ತಿಂಗಳಲ್ಲಿ ಹಳೆಯದನ್ನೆಲ್ಲ ಅಳಿಸಿಬಿಡುತ್ತೇನೆ ಅಂದ. ಅಮ್ಮ ಬಾಗಿಲಲ್ಲೇ ನಿಂತು, ‘ನಿಜವಾದ ಬಾಕಿಯನ್ನ ಅದ್ಹೇಗಪ್ಪಾ ಅಳಿಸ್ತೀಯಾ? ರಬ್ಬರ್ ಇಟ್ಕೊಂಡಿದ್ದೀಯಾ?’ ಅಂದಳು. ನನ್ನ ತೋಳು ಹಿಡಿದು ಇಳಿಸಿಕೊಂಡು ಬಂದಳು.

ಹಾಗಾಗಿ ನಾನೇ ಕಾರ್ಡಿನವರಿಗೆ ಬರೆದು, ಬಿಟ್ಟುಕೊಟ್ಟಿದ್ದ ಒಂದು ಲಕ್ಷ ಹತ್ತು ಸಾವಿರವನ್ನೂ ಕಟ್ಟುತ್ತೇನೆ ಅಂದೆ. ಅಲ್ಲಿನವರಿಗೆ ನಂಬಿಕೆಯೇ ಬರಲಿಲ್ಲ. ಹೀಗೆ ಕೇಳಿಕೊಂಡು ಬಂದವರು ಇಲ್ಲವಂತೆ! ಹನ್ನೊಂದು ತಿಂಗಳು, ತಿಂಗಳಿಗೆ ಹತ್ತು ಸಾವಿರ. ಸ್ಕೂಟರ್ ಮಾರಿದೆ. ಬೀರು ಎತ್ತಲು ಕೂಲಿಯವರನ್ನು ಕರೆಯುವುದು ಬಿಟ್ಟೆ. ಒಂದು ಕಡೆ ನಾನು, ಇನ್ನೊಂದು ಕಡೆ ಕೊಂಡವರೇ. ಬಾಕಿಯಿಲ್ಲ ಅನ್ನುವ ಪತ್ರ ಬಂದರೂ ದಾಖಲೆ ಬದಲಾಗಲಿಲ್ಲ, ಅದಕ್ಕೆ ಮೂರು ಸಲ ಅರ್ಜಿ ಬರೆದೆ. ಆಮೇಲೆ ಸ್ಕೋರ್ ಏರಲೆಂದು ಸಣ್ಣ ಠೇವಣಿ ಇಟ್ಟು, ಅದರ ಮೇಲೆ ಸಣ್ಣ ಕಾರ್ಡು ತೆಗೆದುಕೊಂಡೆ. ತಿಂಗಳಿಗೆ ಒಂದು ಡಬ್ಬ ವಾರ್ನಿಷ್, ಒಂದಿಷ್ಟು ಮರಳು ಕಾಗದ, ಬೇರೇನಿಲ್ಲ. ಬಿಲ್ಲು ಬಂದ ದಿನವೇ ಪೂರ್ತಿ ಕಟ್ಟುತ್ತಿದ್ದೆ. ಒಂದು ಕಾಸು ಬಿಡಿಸಿಕೊಳ್ಳದೆ ಹಣ ಕೊಡುವುದು ನನ್ನಂಥವನಿಗೆ ಎಷ್ಟು ಕಷ್ಟ ಅಂತ ನಿನಗೆ ಹೇಗೆ ತಿಳಿಯಬೇಕು? ಬೆನ್ನು ಹಿಡಿದುಕೊಂಡಾಗೆಲ್ಲ, ನನ್ನ ಗುಬ್ಬಿಗೆ ನನ್ನ ಸಹಿ ಬೇಕಲ್ಲ ಅಂದುಕೊಂಡು ಎದ್ದೆ.

ಶುಕ್ರವಾರ ಒಗೆದ ಅಂಗಿ ಹಾಕಿಕೊಂಡು, ಕಾಗದಗಳನ್ನೆಲ್ಲ ಚೀಲದಲ್ಲಿ ಜೋಡಿಸಿಕೊಂಡು ಅದೇ ಬ್ಯಾಂಕಿಗೆ ಹೋಗಿದ್ದೆ. ಅದೇ ಮೇಡಂ ಇದ್ದರು. ಕನ್ನಡಕ ಬದಲಾಯಿಸಿದ್ದಾರೆ, ನಿನ್ನ ಕಣ್ಣಿಗೆ ಅದು ಚೆಂದ ಕಾಣುತ್ತಿರಲಿಲ್ಲ. ವರದಿ ನೋಡಿ, ‘ಅಬ್ಬಾ ಸರ್, ಹೀಗೆ ತೀರಿಸಿದವರನ್ನ ನಾನು ನೋಡೇ ಇಲ್ಲ’ ಅಂದರು. ಕೈ ಕುಲುಕಿದರು.

ಮೇಜು ನೋಡುವವರು ಬರುವ ಹೊತ್ತಾಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಂತೇ ಕೆಲಸ ಮಾಡಬೇಡ, ಅಮ್ಮನ ಮಂಡಿ ನೋಡಿಯಾದರೂ ಕಲಿ. ನಿನ್ನ ಕೈಯಿಂದ ಕನ್ನಡಕ ಹಾಕಿಸಿಕೊಂಡವರೆಲ್ಲ ದೂರದ್ದನ್ನೂ ಹತ್ತಿರದ್ದನ್ನೂ ಚೆನ್ನಾಗಿ ಕಾಣಲಿ. ನೂರು ವರ್ಷ ಬಾಳು.

ನಿನ್ನ
ಅಪ್ಪ

ಸಹಿ ಹಾಕಿ ಮಡಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಮೇಡಂ ಕೈ ಕುಲುಕಿದ ಮೇಲೆ ನಿನ್ನ ಅರ್ಜಿ ಹುಡುಕಿದರು. ‘ಸರ್, ನಿಮ್ಮ ಮಗಳಿಗೆ ಅವರ ಊರಿನ ಶಾಖೆಯಲ್ಲೇ ಸಾಲ ಸಿಕ್ಕಿ ಹದಿನಾಲ್ಕು ತಿಂಗಳಾಯ್ತಲ್ಲ? ಅವರ ಸೋದರಮಾವ ಸಹಿ ಹಾಕಿದ್ದಾರೆ. ಅಂಗಡಿ ಚೆನ್ನಾಗಿ ನಡೀತಿದೆ ಅನ್ಸುತ್ತೆ, ಒಂದು ಕಂತೂ ತಪ್ಪಿಲ್ಲ.’ ನಾನು, ‘ಹೌದಲ್ಲ ಮೇಡಂ, ವಯಸ್ಸಾಯ್ತು, ಮರೆತೇಬಿಟ್ಟೆ’ ಅಂದು ನಕ್ಕೆ.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅವಳಿಗೂ ಗೊತ್ತಿತ್ತು. ‘ಅವಳೇ ಹೇಳಬೇಡಮ್ಮ ಅಂದ್ಲು. ಸಹಿ ಇನ್ನು ತನಗೆ ಬೇಕಿಲ್ಲ ಅಂತ ಗೊತ್ತಾದ್ರೆ ಅಪ್ಪ ತೀರಿಸೋದನ್ನ ಅರ್ಧಕ್ಕೇ ಬಿಟ್ಟುಬಿಡ್ತಾರೆ ಅಂತ.’ ಅದಕ್ಕೇ ನೀನು ಪ್ರತಿ ಕಾಗದದಲ್ಲೂ ಸ್ಕೋರ್ ಕೇಳುತ್ತಿದ್ದೆ, ಅಲ್ಲವಾ?

ನೀನು ಅಂದುಕೊಂಡದ್ದು ಸರಿ. ಗೊತ್ತಾಗಿದ್ದರೆ ಖಂಡಿತ ಬಿಟ್ಟುಬಿಡುತ್ತಿದ್ದೆ. ಮಾವನ ಮೇಲೆ ಕೋಪವಿಲ್ಲ, ನಿನ್ನ ಮೇಲೂ ಇಲ್ಲ. ಆದರೆ ಮಗಳೇ, ನೀನು ಅಂಗಡಿಯ ಬಾಗಿಲು ಮೊದಲ ಸಲ ತೆಗೆದ ದಿನ ನಾನು ಇಲ್ಲಿ ಯಾರ ಬೀರು ಹೊರುತ್ತಿದ್ದೆನೋ ಏನೋ. ಅದು ಯಾವ ದಿನ ಅಂತ, ಅದನ್ನೊಂದು ಬರೆ.