ಬಚ್ಚಲ ಕಿಟಕಿಯೂ ಚಂದ್ರನ ಮೊಲವೂ

ಒನೊಮಿಚಿ

ಮನೆಯೊಡತಿ ತೊಕಿಕೊ ಅಮ್ಮನವರಿಗೆ,

“ಕೊಳವೆ ಆಕಾಶಕ್ಕೆ, ಕಣ್ಣು ಎದುರುಮನೆ ಬಚ್ಚಲ ಕಿಟಕಿಗೆ. ಏನಮ್ಮ ನಿನ್ನ ಚಂದ್ರದರ್ಶನ? ಅದನ್ನ ತೆಗಿ, ಇಲ್ಲಾ ಮನೆ ಬಿಡು” ಅಂದಿರಿ. ನನ್ನ ದೂರದರ್ಶಕದ ಕನ್ನಡಿ ತಳದಲ್ಲಿದೆ, ನೋಡುವ ತೂತು ಪಕ್ಕದಲ್ಲಿದೆ. ಪಕ್ಕದಿಂದ ಇಣುಕಿದರೇ ಚಂದ್ರ ಕಾಣುವುದು.

ಹುಣ್ಣಿಮೆಯ ದಿನ ಚಂದ್ರನಿಗೆ ಅಕ್ಕಿಯುಂಡೆ ಎಡೆಯಿಟ್ಟು ನೋಡಲು ಬರುತ್ತೇನೆ ಅನ್ನಬೇಡಿ. ಅಂದು ನೆರಳಿಲ್ಲದೆ ಕುಳಿಗಳೆಲ್ಲ ಮಾಸಿರುತ್ತವೆ. ನಾಳೆ ಸಂಜೆ ಅರ್ಧಚಂದ್ರ. ಬಟ್ಟೆ ಒಣಗಿಸುವ ಮಹಡಿಗೆ ಬನ್ನಿ. ಕುಳಿಗಳ ಅಂಚು ಎಣಿಸುವಷ್ಟು ಸ್ಪಷ್ಟವಾಗಿರುತ್ತದೆ. ನಮ್ಮ ಮೊಲದ ತಲೆಯೂ ಕಾಣುತ್ತದೆ. ಅದು ಹಳೆಯ ಲಾವಾ ಹೆಪ್ಪುಗಟ್ಟಿದ ಬಯಲು. ಕನ್ನಡಿಯಿಂದಾಗಿ ತಲೆಕೆಳಗಾಗಿರುತ್ತದೆ, ಅದಕ್ಕೂ ನನ್ನನ್ನೇ ಬೈಯಬೇಡಿ.

ನಿಮಗೂ ಬಚ್ಚಲೇ ಕಂಡರೆ ಮನೆ ಬಿಡುತ್ತೇನೆ. ಮೊಲ ಕಂಡರೆ, ಎದುರುಮನೆಯವರಿಗೆ ಅದನ್ನು ನೀವೇ ಹೇಳಬೇಕು.

ಇಂತು,
ಇನ್ನೂ ಮಹಡಿಯಲ್ಲೇ ಇರುವ
ಶಿಯೋರಿ