ಹೊಸ ನಳಿಗೆ, ಹಳೆ ತೋಟಾ

ಸೆಪ್ಟೆಂಬರ್ 28, 2014. ಭಾನುವಾರ

ಮತ್ತೆ ಎರಡು ಹನಿ ಎಣ್ಣೆ ಬಿಟ್ಟೆ. ಏಳು ದಿನದಿಂದ ಇದೇ ಪೂಜೆ. ರೈಫಲ್ಲಿನ ನಳಿಗೆ ಹಿಡಿದಿರುವ ನಟ್ಟು ಜಪ್ಪಯ್ಯ ಅಂದರೂ ಅಲುಗಾಡುತ್ತಿಲ್ಲ.

ವೆಂಡಲ್‌ನ ರೈಫಲ್, ವೆಂಡಲ್‌ನ ಶೆಡ್ಡು, ವೆಂಡಲ್‌ನ ಸ್ಪ್ಯಾನರು. ಇಲ್ಲದವನು ವೆಂಡಲ್ ಒಬ್ಬನೇ. ಮದುವೆಯಾಗಿ ಇಪ್ಪತ್ತಾರು ವರ್ಷ, ನನ್ನ ಗಂಡ ನಾರ್ತ್ ಡಕೋಟಾದ ಎಣ್ಣೆಬಾವಿಗೆ ದುಡಿಯಲು ಹೋಗಿ ಎರಡು ವರ್ಷ. ಮೊದಲು ವಾರಕ್ಕೊಂದು ಫೋನು. ಈಗ ತಿಂಗಳಿಗೊಂದು. ಹೋದ ವರ್ಷ ದೊಡ್ಡ ಕೊಂಬಿನ ಎಲ್ಕ್ ಜಿಂಕೆಯ ಬೇಟೆ ಶುರುವಾಗುವ ಶನಿವಾರಕ್ಕೂ ಬರಲಿಲ್ಲ. ಮೊಂಟಾನಾದ ಗಂಡಸರು ಅಪ್ಪನ ಮಣ್ಣು ತಪ್ಪಿಸಿಯಾರು, ಆ ಶನಿವಾರ ತಪ್ಪಿಸರು. ಕೇಳಿದ್ದಕ್ಕೆ, "ಆ ನಳಿಗೆ ಸವೆದು ಹೋಗಿದೆ ನೋರೀನ್. ಗುರಿ ಒಂದ್ಕಡೆ, ಗುಂಡು ಒಂದ್ಕಡೆ. ಬಂದು ಏನ್ ಮಾಡ್ಲಿ?" ಎಂದ.

ಬಂದು ಏನು ಮಾಡಲಿ ಅಂತೆ! ನಾನಿಲ್ಲವೇ ಇಲ್ಲಿ?

ಇರಲಿ. ಹೊಸ ನಳಿಗೆ ತರಿಸಿದ್ದೇನೆ. ಈ ಸಲ ಯಾವ ನೆಪ ಹೇಳುತ್ತಾನೋ ನೋಡೋಣ.

ಅಕ್ಟೋಬರ್ 5, ಭಾನುವಾರ

ಬಿಚ್ಚಿತು! ಪಕ್ಕದ ರ‍್ಯಾಂಚಿನ ಓರ್ವಲ್ ಬಂದು ಸ್ಪ್ಯಾನರಿಗೆ ಉದ್ದನೆ ಪೈಪು ತೂರಿಸಿ ಒಂದೇ ಸಲ ಜಗ್ಗಿದ. ಎಪ್ಪತ್ತು ದಾಟಿದೆ, ರೈಲ್ವೆ ವರ್ಕ್‌ಶಾಪಿನಲ್ಲಿ ಪಳಗಿದ ಕೈ.

"ಕೋವಿಗಿಂತ ನಳಿಗೆಗೇ ಜಾಸ್ತಿ ದುಡ್ಡು ಕೊಟ್ಟಿದೀಯಲ್ಲೇ. ಮೂಗಿಗಿಂತ ಮೂಗುತಿ ಭಾರ."

"ಮೂಗಂತೂ ಮನೇಲಿಲ್ಲ ಓರ್ವಲ್. ಮೂಗುತಿ ಆದ್ರೂ ಇರ್ಲಿ ಬಿಡು."

ನಗಲಿಲ್ಲ. ಜೇಬಿನಿಂದ ಎರಡು ಉಕ್ಕಿನ ತುಂಡು ತೆಗೆದ. ತೋಟಾದ ಆಕಾರ, ಒಳಗೆ ಮದ್ದಿಲ್ಲ. ಒಂದರ ಹೆಸರು ಗೋ, ಇನ್ನೊಂದು ನೋ-ಗೋ. "ಗೋ ಹಾಕಿದ್ರೆ ಬೋಲ್ಟು, ಅದೇ ತೋಟಾ ಹಿಂದೆ ಮುಚ್ಚೋ ಅಗುಳಿ, ಬೆಣ್ಣೆ ಥರ ಮುಚ್ಚಬೇಕು. ನೋ-ಗೋ ಹಾಕಿದ್ರೆ ಮುಚ್ಚಲೇಬಾರ್ದು. ಮುಚ್ತು ಅಂದ್ರೆ ಒಳಗೆ ಜಾಗ ಜಾಸ್ತಿ ಆಯ್ತು ಅಂತ. ಹೊಡೆದಾಗ ತೋಟಾದ ಹಿತ್ತಾಳೆ ಹರಿದು ಬೆಂಕಿ ನಿನ್ನ ಮುಖಕ್ಕೇ ಬರತ್ತೆ. ಆ ಜಾಗಕ್ಕೇ ಹೆಡ್‌ಸ್ಪೇಸ್ ಅನ್ನೋದು. ಕಣ್ಣಂದಾಜು ನಡಿಯಲ್ಲ, ತಿಳೀತಾ? ಶೆಡ್ಡಲ್ಲಿರೋ ತೋಟಾ ಎಲ್ಲ ಮೊದ್ಲು ಮನೆ ಒಳಗೆ ಇಟ್ಟು ಬಾ."

ಇಟ್ಟು ಬಂದೆ. ಶಾಲೆ ಬಸ್ಸು ಓಡಿಸುವವಳಿಗೆ ಬೈಸಿಕೊಂಡು ಅಭ್ಯಾಸವಿಲ್ಲ. ಆದರೂ ಅವನ ಮಾತು ಕೇಳಿದೆ.

ಅಕ್ಟೋಬರ್ 11, ಶನಿವಾರ

ಬೋಲ್ಟಿನಿಂದ ತೋಟಾ ಸಿಡಿಸುವ ಸೂಜಿ, ಸ್ಪ್ರಿಂಗು ಎಲ್ಲ ತೆಗೆದೆ. ಅವಿದ್ದರೆ ಕೈಗೆ ನಿಜ ತಿಳಿಯುವುದಿಲ್ಲವಂತೆ. ಗೋ ಒಳಗಿಟ್ಟು, ಬೋಲ್ಟು ಮುಚ್ಚಿ, ಹೊಸ ನಳಿಗೆಯನ್ನು ತಿರುಗಿಸುತ್ತ ಹೋದೆ, ಗೋ ತಾಗುವವರೆಗೆ. ಸರಿಯಾಯಿತು. ನಟ್ಟು ಬಿಗಿದೆ, ಕೆಟ್ಟಿತು! ಬಿಗಿಯುವಾಗ ನಳಿಗೆಯೂ ಜೊತೆಗೆ ತಿರುಗಿಬಿಟ್ಟಿದೆ. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ ನನ್ನ ಬಿಗಿತ. ಮತ್ತೆ ಸಡಿಲ, ಮತ್ತೆ ಬಿಗಿ. ಮೂರನೇ ಸಲ ಗೋ ಸಲೀಸಾಗಿ ಮುಚ್ಚಿತು. ನೋ-ಗೋ ಮುಚ್ಚಲಿಲ್ಲ.

ಕೈ ತೊಳೆಯದೆಯೇ ವೆಂಡಲ್‌ಗೆ ಫೋನು ಮಾಡಿದೆ. "ನೀನಾ? ನೀನೇ ಹಾಕಿದ್ಯಾ?" ಎಂದು ನಕ್ಕ. ಎಷ್ಟು ದಿನವಾಗಿತ್ತು ಆ ನಗು ಕೇಳಿ. "ಹಂಗಾದ್ರೆ ನನ್ನ ತೋಟಾ ಡಬ್ಬಿ ತೆಗೆದಿಡು. ಬರ್ತೀನಿ."

ಬರ್ತೀನಿ ಅಂದ. ಬರೆದಿಡುತ್ತೇನೆ. ಬರ್ತೀನಿ ಅಂದ.

ಅಕ್ಟೋಬರ್ 12, ಭಾನುವಾರ

ಹೋಗುವ ಮುಂಚೆ ಅವನೇ ಕೂತು ಹಳೆ ಹಿತ್ತಾಳೆಗೆ ಮತ್ತೆ ಮದ್ದು ತುಂಬಿದ ಮೂವತ್ತು ತೋಟಾ. ಮುಚ್ಚಳದ ಮೇಲೆ ಅವನ ಕೋಳಿಕಾಲು ಅಕ್ಷರ. ಸೂಜಿಯಿಲ್ಲದ ಬೋಲ್ಟಿನಲ್ಲೇ, ಹಿತ್ತಲ ದಿಬ್ಬಕ್ಕೆ ಮುಖ ಮಾಡಿ ಒಂದು ಹಾಕಿ ನೋಡಿದೆ. ಮುಚ್ಚಲಿಲ್ಲ. ಇನ್ನೊಂದು. ಊಹೂಂ. ಒಂದೂ ಇಲ್ಲ.

ಓರ್ವಲ್ ನೋಡಿದವನೇ ತಲೆಯಾಡಿಸಿದ. "ಇವು ಆ ಹಳೇ ನಳಿಗೇಲೇ ಹತ್ತು ಸಲ ಸುಟ್ಟು ಹಿಗ್ಗಿರೋ ಹಿತ್ತಾಳೆ ಕಣೇ. ಅದರಲ್ಲಿ ಜಾಗ ಜಾಸ್ತಿ ಇತ್ತು, ಇವೂ ಆ ಅಳತೆಗೇ ಬೆಳೆದಿವೆ. ಸರಿಯಾದ ಮನೆಗೆ ಇನ್ನು ಹಿಡಿಸಲ್ಲ. ತಪ್ಪು ನಿಂದಲ್ಲ."

ತಪ್ಪು ನನ್ನದಲ್ಲ. ಅದನ್ನು ಕಟ್ಟಿಕೊಂಡು ಏನು ಮಾಡಲಿ?

ಅಕ್ಟೋಬರ್ 14

ಮಾಡಬಾರದ್ದು ಮಾಡಿದೆ. ನಟ್ಟು ಸಡಿಲಿಸಿ ನಳಿಗೆಯನ್ನು ಒಂದು ಕೂದಲೆಳೆ ಹೊರಗೆ ತಿರುಗಿಸಿದೆ. ಅವನ ತೋಟಾ ಸಲೀಸಾಗಿ ಕೂತಿತು. ಖುಷಿಯಲ್ಲಿ ಕೂಗಿಬಿಟ್ಟೆ. ಆಮೇಲೆ ನೋ-ಗೋ ಹಾಕಿದೆ.

ಅದೂ ಮುಚ್ಚಿತು.

ಶೆಡ್ಡಿನ ನೆಲದಲ್ಲೇ ಕೂತು ಅತ್ತೆ. ಒಂದು ಕೂದಲೆಳೆ. ಅಷ್ಟು ಬಿಟ್ಟುಕೊಟ್ಟರೆ ಅವನು ಬರುತ್ತಾನೆ, ಈ ಮೂವತ್ತನ್ನೂ ಹೊಡೆಯುತ್ತಾನೆ, ನನ್ನ ಪಕ್ಕದಲ್ಲಿ ನಿಂತು. ಹಿತ್ತಾಳೆ ಹರಿದರೆ ಅವನ ಕಣ್ಣಿಗೇ.

ಅಕ್ಟೋಬರ್ 19, ಭಾನುವಾರ

ಗೋ ಹಾಕಿ ಮತ್ತೆ ಸರಿಯಾದ ಅಳತೆಗೇ ಬಿಗಿದೆ, ಬೋಲ್ಟಿಗೆ ಸೂಜಿ, ಸ್ಪ್ರಿಂಗು ವಾಪಸ್ ಹಾಕಿದೆ. ಅಂಗಡಿಯಿಂದ ಹೊಸ ತೋಟಾ ತಂದೆ. ರೈಫಲನ್ನು ಹಳೆ ಟೈರಿಗೆ ಕಟ್ಟಿ, ನಾನೂ ಓರ್ವಲ್ಲೂ ಟ್ರಕ್ಕಿನ ಹಿಂದೆ ಅಡಗಿ, ಟ್ರಿಗರಿಗೆ ಕಟ್ಟಿದ ಹಗ್ಗ ಎಳೆದೆವು. ಢಂ! ಹಿತ್ತಾಳೆ ಒಂದಿಷ್ಟೂ ಉಬ್ಬಿಲ್ಲ. ಓರ್ವಲ್ ಟೋಪಿ ತೆಗೆದು ಸಲಾಮು ಹೊಡೆದ, ಕಳ್ಳ.

ಫೋನಿನಲ್ಲಿ ವೆಂಡಲ್‌ಗೆ ಎಲ್ಲ ಹೇಳಿದೆ.

"ಕೂದಲೆಳೆ ಜಾಸ್ತಿ ಇಟ್ರೆ ಏನಾಗತ್ತೆ? ಇಷ್ಟು ವರ್ಷ ಹಂಗೇ ಹೊಡೀಲಿಲ್ವಾ?"

"ಇಡಲ್ಲ."

"ಅಂಗಡಿ ತೋಟಾ ಹೊಡೆಯೋಕೆ ಆರು ಗಂಟೆ ಗಾಡಿ ಓಡಿಸ್ಕೊಂಡು ಬರ್ಬೇಕಾ ನಾನು?"

"ನನ್ನ ನೋಡೋಕೆ ಬಾ, ವೆಂಡಲ್."

ಇಪ್ಪತ್ತಾರು ವರ್ಷದಲ್ಲಿ ಹೀಗೆ ಬಾಯಿಬಿಟ್ಟು ಕೇಳಿರಲಿಲ್ಲ. "ನೋಡ್ತೀನಿ" ಎಂದ.

ಅಕ್ಟೋಬರ್ 24, ಶುಕ್ರವಾರ, ಸಂಜೆ 5

ಅವನ ಕಡೆಯ ದಿಂಬಿಗೆ ಒಗೆದ ಗವಸು ಹಾಕಿದೆ. ರಸ್ತೆಯಲ್ಲಿ ಧೂಳೆದ್ದಾಗಲೆಲ್ಲ ಕಿಟಕಿಗೆ ಓಡುತ್ತಿದ್ದೇನೆ. ನಾಚಿಕೆಗೆಟ್ಟವಳು. ಈ ವಯಸ್ಸಿನಲ್ಲಿ.

ಅಕ್ಟೋಬರ್ 25, ಶನಿವಾರ, ಬೆಳಿಗ್ಗೆ 9:40

ಬರಲಿಲ್ಲ.

ಒಬ್ಬಳೇ ಹತ್ತಿದೆ. ಗುಡ್ಡದ ಮೇಲೆ ಕೂತು ಬರೆಯುತ್ತಿದ್ದೇನೆ, ಬೆರಳು ಮರಗಟ್ಟಿವೆ. ಇನ್ನೂರು ಗಜದಲ್ಲಿ ಗಂಡು ಎಲ್ಕ್, ಒಂದೇ ಗುಂಡು. ನಾಲ್ಕು ಹೆಜ್ಜೆ ಇಟ್ಟು ಮಲಗಿತು. ಇಂಥ ಪ್ರಾಣಿಯನ್ನು ಒಬ್ಬರೇ ಕುಯ್ದು ಇಳಿಸಲಾಗದು. ಒಬ್ಬರು ಕಾಲು ಹಿಡಿಯಲೇಬೇಕು.

ಕರೆ ಮಾಡಿದ್ದು ಅವನಿಗೆ.

"ಹೊಡೆದ್ಯಾ?" ಎಂದ. ಮುಂಚಿನ ವೆಂಡಲ್‌ನ ದನಿ.

"ಹೊಡೆದೆ. ರಾತ್ರಿ ಹಿಮ ಬಿದ್ದಿದೆ, ಮಾಂಸ ಕೆಡಲ್ಲ. ಈಗ ಹೊರಟ್ರೂ ಆಗತ್ತೆ. ಕಾಯ್ತೀನಿ."

"ಓರ್ವಲ್‌ಗೆ ಫೋನ್ ಮಾಡು ನೋರೀನ್."

ಮಾಡಿದೆ. ಬರುತ್ತಿದ್ದಾನೆ, ಕೆಳಗೆ ಅವನ ಕೆಂಪು ಟೋಪಿ ಕಾಣುತ್ತಿದೆ.

ವೆಂಡಲ್, ನಳಿಗೆ ಸರಿಯಾಯಿತು. ಇನ್ನು ನಿನ್ನನ್ನು ಕರೆಯಲು ನನ್ನ ಹತ್ತಿರ ನಾನೊಬ್ಬಳೇ ಉಳಿದಿದ್ದೇನೆ. ಅಷ್ಟು ಸಾಲದು ಅಂತಾದರೆ, ಇನ್ನು ಕರೆಯುವುದಿಲ್ಲ.