ಕಾಫಿ ಬಟ್ಟಲಿನಷ್ಟು ಹೊಟ್ಟೆ

ಅಲೆಕ್ಸಾಂಡ್ರಿಯಾ
ನವೆಂಬರ್ ೧೪

ಪ್ರಿಯ ಫಕ್ರಿ,

ನೀನು, ನಿನ್ನ ಮಗ, ಸೊಸೆ ಎಲ್ಲರೂ ಅಸ್ವಾನಿನ ಬಿಸಿಲಿನಲ್ಲಿ ಬೆಚ್ಚಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದಾಗ ಇಲ್ಲಿ ಸೆಕೆ. ಈಗ ಸ್ವೆಟರ್ ಹಾಕಿಕೊಂಡು ಉತ್ತರ ಬರೆಯುತ್ತಿದ್ದೇನೆ. ಮನಸ್ಸಿಗೆ ಬಂದಷ್ಟು ಬೈದುಕೋ. ಫೋನಿನಲ್ಲಿ ಯಾರು ಅರಚಿದರೂ ಕಿವಿಯೊಳಗೆ ಸಮುದ್ರ ಮೊರೆದ ಹಾಗೆ ಕೇಳುತ್ತದೆ, ಏನಿದ್ದರೂ ಬರೆದು ಹಾಕು ಎಂದಿದ್ದೆಯಲ್ಲ. ಬರೆಯಬೇಕಾದದ್ದು ಬಹಳ ಇತ್ತು. ಅದಕ್ಕೇ ಬರೆಯಲಾಗಲಿಲ್ಲ.

ಆಗಸ್ಟಿನ ಕೊನೆಯಲ್ಲಿ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡೆ. ಗಾಬರಿ ಬೇಡ, ಗಡ್ಡೆ ಗಿಡ್ಡೆ ಏನಿಲ್ಲ. ದಪ್ಪ ಇಳಿಸುವ ಆಪರೇಷನ್. ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದುಬಿಟ್ಟರು. ಉಳಿದಿರುವುದು ನಾವು ಕಾಫಿ ಕುಡಿಯುವ ಬಟ್ಟಲಿನಷ್ಟು. ನೀನು ನಗುತ್ತಿರಬೇಕು. ಒಂದೇ ಸಲ ಕೂತು ನಾಲ್ಕು ಬೂರಿ ಮೀನು ಮುಗಿಸಿ, ಐದನೆಯದಕ್ಕೆ ನಿನ್ನ ತಟ್ಟೆಗೆ ಕೈ ಹಾಕುತ್ತಿದ್ದ ವಗ್ದಿ ಇವನೇ.

ನನಗೆ ಮನಸ್ಸಿರಲಿಲ್ಲ. ಒಪ್ಪಿಸಿದವಳು ರಾವಿಯಾ. ಸಕ್ಕರೆ ಕಾಯಿಲೆ ಏರಿತ್ತು. ಅಂಗಡಿಯ ಅಟ್ಟದಿಂದ ಒಂದು ಸುರುಳಿ ಹಗ್ಗ ಇಳಿಸುವಷ್ಟರಲ್ಲಿ ಮಂಡಿ ಸೋಲುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಿದ್ದೆಯಲ್ಲಿ ನನ್ನ ಉಸಿರು ನಿಂತುಹೋಗುತ್ತಿತ್ತಂತೆ. ಅವಳು ಪಕ್ಕದಲ್ಲಿ ಎದ್ದು ಕೂತು, ಭುಜ ಹಿಡಿದು ಅಲ್ಲಾಡಿಸಿ ಮತ್ತೆ ಉಸಿರಾಡಿಸುತ್ತಿದ್ದಳಂತೆ. ನನಗೆ ಅದೊಂದೂ ತಿಳಿಯದು. ಡಾಕ್ಟರು ಇಬ್ಬರಿಗೂ ಮಾಡಬಹುದು, ನೀವೂ ಯೋಚಿಸಿ ಎಂದು ಅವಳನ್ನೂ ಕೇಳಿದರು. ನನಗೆ ಸಕ್ಕರೆಯೂ ಇಲ್ಲ, ಮಂಡಿಯೂ ನೋಯಲ್ಲ, ಇವರಿಗೆ ಮಾಡಿ ಸಾಕು ಎಂದಳು. ಹೊರಗೆ ಬಂದ ಮೇಲೆ ನನಗೆ ಹೇಳಿದಳು: "ನೀನು ಮಾಡಿಸ್ಕೋ. ಅಡುಗೆ ಮಾಡೋಳು ಒಬ್ಳಾದ್ರೂ ರುಚಿ ನೋಡೋಕೆ ಬೇಕಲ್ಲ."

ಮೊದಲ ವಾರಗಳು ಬರೀ ನೀರು, ಬರೀ ಸಾರು. ಕೋಳಿ ಬೇಯಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಮೇಲಿನ ಜಿಡ್ಡನ್ನು ಚಮಚದಿಂದ ತೆಗೆದು ಕೊಡುತ್ತಿದ್ದಳು. ಒಂದು ಬಟ್ಟಲು ಖಾಲಿಯಾಗುವಷ್ಟರಲ್ಲಿ ಸಾರು ಆರಿ ತಣ್ಣಗಾಗುತ್ತಿತ್ತು. ನನಗೆ ಆಸೆಯಾಗಬಾರದೆಂದು ಈರುಳ್ಳಿ ಹುರಿಯುವುದನ್ನೇ ಬಿಟ್ಟಳು. ನಮ್ಮ ಮನೆಯಲ್ಲಿ ಈರುಳ್ಳಿಯ ವಾಸನೆ ಇಲ್ಲದಿರುವುದೆಂದರೆ ಹೇಗೆ, ನೀನೇ ಊಹಿಸು. ಮೆಟ್ಟಿಲು ಹತ್ತಿ ಬಂದ ಪಕ್ಕದ ಮನೆಯವಳು ಯಾರಿಗಾದರೂ ಏನಾದರೂ ಆಯಿತೇ ಎಂದು ಕೇಳಿದಳು.

ಆಮೇಲೆ ನುಣ್ಣಗೆ ಅರೆದ ಅವರೆ, ಆಮೇಲೆ ಒಂದು ಮೊಟ್ಟೆ. ಎರಡನೆಯ ತಿಂಗಳು ಕಳೆದ ಮೇಲೆ, ಡಾಕ್ಟರು ಸ್ವಲ್ಪ ತಿನ್ನಬಹುದು ಎಂದರೆಂದು, ರಾವಿಯಾ ಮುಲುಖಿಯಾ ಸೊಪ್ಪಿನ ಸಾರು ಮಾಡಿದಳು. ಬೆಳ್ಳುಳ್ಳಿ ಒಗ್ಗರಣೆ ಚುಯ್ ಎಂದಾಗ ನನ್ನ ಕಣ್ಣಲ್ಲಿ ನೀರು ಬಂತು. ಮೂರು ಚಮಚ ಚೆನ್ನಾಗಿತ್ತು. ನಾಲ್ಕನೆಯದು ಎದೆಯಲ್ಲಿ ನಿಂತಿತು. ಕೆಳಗೂ ಇಳಿಯದು, ಮೇಲೂ ಬಾರದು, ಕಲ್ಲು ನುಂಗಿದ ಹಾಗೆ. ಬಚ್ಚಲಿಗೆ ಓಡಿದೆ. ತಿರುಗಿ ಬಂದಾಗ ಅವಳು ಪಾತ್ರೆಯನ್ನು ಮುಚ್ಚಿ ಎತ್ತಿಟ್ಟಿದ್ದಳು. ಉಪ್ಪು ಜಾಸ್ತಿ ಆಗಿತ್ತಾ ಎಂದು ಕೇಳಿದಳು, ಅಷ್ಟೆ.

ನನಗೆ ಅರ್ಥವಾಗದ್ದು ಇದು ಫಕ್ರಿ. ಹಸಿವೆ ಹೋಗಿದೆ, ನಿಜವಾಗಿ ಹೋಗಿದೆ. ಮಧ್ಯಾಹ್ನವಾದರೆ ಗಡಿಯಾರ ನೋಡಿ ತಿನ್ನಬೇಕು. ಆದರೆ ಆಸೆ ಇದ್ದಲ್ಲೇ ಇದೆ. ಬಂದರಿನಲ್ಲಿ ಮೀನು ಸುಡುವ ಹೊಗೆ ಅಂಗಡಿಯೊಳಗೆ ಬಂದರೆ ಎದ್ದು ಬಾಗಿಲಲ್ಲಿ ನಿಲ್ಲುತ್ತೇನೆ. ಹೊಟ್ಟೆ ಬೇಡ ಎನ್ನುತ್ತದೆ. ಹಾಗಾದರೆ ಬೇಕು ಎನ್ನುತ್ತಿರುವವನು ಯಾರು? ಚಹಾ ಕಬ್ಬಿಣದ ರುಚಿ ಕೊಡುತ್ತದೆ. ಕನಸಿನಲ್ಲಿ ರೊಟ್ಟಿ ತಿಂದು, ತಪ್ಪು ಮಾಡಿದೆನೆಂದು ಬೆಚ್ಚಿ ಏಳುತ್ತೇನೆ.

ನಗುವ ಸಂಗತಿಯೂ ಇದೆ. ದೋಣಿಯ ಹಸನೈನ್ ಮುದುಕ ನೆನಪಿದ್ದಾನಲ್ಲ? ಮೊನ್ನೆ ಬಲೆಯ ದಾರ ಕೊಳ್ಳಲು ಬಂದ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ವಗ್ದಿ ಇಲ್ವಾ ಮಗಾ? ಅವನ ಹತ್ರ ಆದ್ರೆ ಸ್ವಲ್ಪ ಚೌಕಾಸಿ ಮಾಡ್ಬೋದಿತ್ತು" ಎಂದ. ನಾನೇ ವಗ್ದಿ ಎಂದರೆ ಒಪ್ಪಲಿಲ್ಲ. ದನಿ ಕೇಳಿದ ಮೇಲೆ ಒಪ್ಪಿದ. ಒಪ್ಪಿದವನೇ, ಯಾವ ಕಾಯಿಲೆ ಎಂದು ಮೆಲ್ಲಗೆ ಕೇಳಿ, ಮಸೀದಿಯಲ್ಲಿ ದುವಾ ಮಾಡಿಸುತ್ತೇನೆ ಎಂದು ಹೊರಟ. ರಾವಿಯಾಳಿಗೆ ಹೇಳಿದೆ. ಪ್ಯಾಂಟಿನ ಸೊಂಟ ಹಿಡಿದು ಹೊಲಿಯುತ್ತಿದ್ದವಳು ಸೂಜಿ ಬಿಟ್ಟು ನಕ್ಕಳು.

ಅವಳು ನಿನಗೆ ಸಲಾಂ ಹೇಳಿದ್ದಾಳೆ. ನೀನು ಬಂದರೆ ಈರುಳ್ಳಿ ಕೆಂಪಗೆ ಹುರಿದು ಮೀನಿನ ಅನ್ನ ಮಾಡುತ್ತಾಳಂತೆ. ನೀವಿಬ್ಬರೂ ತಿನ್ನಿ, ನಾನು ನೋಡುತ್ತೇನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ವಗ್ದಿ


ಅಲೆಕ್ಸಾಂಡ್ರಿಯಾ
ರಂಜಾನ್ ತಿಂಗಳ ಒಂಬತ್ತು

ಪ್ರಿಯ ಫಕ್ರಿ,

ರಂಜಾನ್ ನಿನಗೂ ನಿನ್ನವರಿಗೂ ಶುಭ ತರಲಿ. ಜನವರಿಯಲ್ಲಿ ಬರೆದ ನಿನ್ನ ಕಾಗದಕ್ಕೆ ಮತ್ತೆ ತಡ ಮಾಡಿದೆ. ಈ ಸಲ ಹೊಟ್ಟೆಯ ನೆಪ ಹೇಳಲಾರೆ. ಎರಡು ಸಲ ಬರೆಯಲು ಕೂತು ಹರಿದುಹಾಕಿದೆ.

ನನ್ನ ತೂಕ ಐವತ್ತು ಕಿಲೊದಷ್ಟು ಇಳಿದಿದೆ. ಒಬ್ಬ ಹುಡುಗಿಯನ್ನು ಬೆನ್ನಿನಿಂದ ಕೆಳಗಿಳಿಸಿದ ಹಾಗೆ ಎಂದು ಡಾಕ್ಟರು ನಗುತ್ತಾರೆ. ಸಕ್ಕರೆಯ ಮಾತ್ರೆ ನಿಂತಿದೆ. ರಾತ್ರಿ ಉಸಿರು ಸರಿಯಾಗಿದೆ. ಬಂದರಿನಿಂದ ರಮಲ್ ಟ್ರಾಂ ನಿಲ್ದಾಣದವರೆಗೆ ಸಮುದ್ರದ ಪಕ್ಕ ನಿಲ್ಲದೆ ನಡೆಯುತ್ತೇನೆ. ಶೂ ದಾರ ಕಟ್ಟಲು ಈಗ ರಾವಿಯಾ ಬಗ್ಗಬೇಕಾಗಿಲ್ಲ. ಇವೆಲ್ಲ ಸಂತೋಷದ ಸುದ್ದಿಯೇ. ಜೊತೆಗೆ ಬಾಚಣಿಗೆ ತುಂಬ ಕೂದಲು ಬರುತ್ತದೆ, ಸದಾ ಚಳಿ, ಹೊಟ್ಟೆಯ ಚರ್ಮ ಒಣಗಲು ಹಾಕಿದ ಚೀಲದ ಹಾಗೆ ಜೋತಿದೆ. ಕನ್ನಡಿಯ ಮುಂದೆ ನಿಂತರೆ ನನ್ನ ತಂದೆ ಸಾಯುವ ಮುಂಚೆ ಹೇಗಿದ್ದರೋ ಹಾಗೆ ಕಾಣುತ್ತೇನೆ. ಹೊರಗೆ ಹೋದರೆ ಹತ್ತು ವರ್ಷ ಚಿಕ್ಕವನಾದೆ ಎನ್ನುತ್ತಾರೆ. ಯಾರನ್ನು ನಂಬಲಿ?

ಡಿಸೆಂಬರಿನಲ್ಲಿ ರಾವಿಯಾಳ ತಂಗಿಯ ಮಗನ ಮದುವೆ ಆಯಿತು. ಹೊಸ ಕೋಟು ಹಾಕಿಕೊಂಡು ಹೋದೆ. ಎಲ್ಲರೂ ನನ್ನನ್ನು ಸುತ್ತುವರಿದು ತಿರುಗಿಸಿ ತಿರುಗಿಸಿ ನೋಡಿದರು. ಹೆಂಗಸರ ಮೇಜಿನಿಂದ ಅವಳ ಚಿಕ್ಕಮ್ಮ ಎಲ್ಲರಿಗೂ ಕೇಳುವ ಹಾಗೆ, "ರಾವಿಯಾ, ಗಂಡನ್ನ ಕಟ್ಟಿ ಹಾಕ್ಕೊಳ್ಳೇ. ಈ ಕೋಟಿಗೆ ಒಂದು ಚಿಕ್ಕ ಹುಡುಗಿ ಜೋಡಿ ಆಗ್ತಾಳೆ" ಎಂದಳು. ರಾವಿಯಾ ಎಲ್ಲರಿಗಿಂತ ಜೋರಾಗಿ ನಕ್ಕು, "ಕರ್ಕೊಂಡ್ ಬರ್ಲಿ ಚಿಕ್ಕಮ್ಮ, ಇವನಿಗೆ ಸಾರು ಸೋಸೋಕೆ ನನಗೂ ಒಬ್ಳು ಬೇಕು" ಎಂದಳು. ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ ಚಿಕ್ಕಮ್ಮನ ಹಾಗೆಯೇ ಮೂಗಿನಿಂದ ಮಾತಾಡಿ ತೋರಿಸಿದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು ಎಂದೇ ನನ್ನ ಲೆಕ್ಕ.

ಈಗ ಅವಳು ನನ್ನ ಜೊತೆ ಕೂತು ಊಟ ಮಾಡುವುದಿಲ್ಲ.

ಇದನ್ನು ನಿನಗೆ ಹೇಗೆ ಬರೆಯಲಿ ಎಂದೇ ತಡವಾಯಿತು. ಮದುವೆಯಾಗಿ ಇಪ್ಪತ್ತಾರು ವರ್ಷ. ನಿಶ್ಚಿತಾರ್ಥದ ದಿನ ಇಬ್ಬರೂ ನಾಚಿಕೆ ಬಿಟ್ಟು ಒಂದೇ ತಟ್ಟೆಯ ಬಸ್ಬೂಸಾ ಸಿಹಿ ಮುಗಿಸಿದ್ದನ್ನು ನೀನೇ ಕಂಡಿದ್ದೀಯೆ. ಜಗಳವಾಡಿ ಮಾತು ಬಿಟ್ಟಾಗಲೂ ಒಟ್ಟಿಗೆ ಕೂತು ತಿಂದವರು ನಾವು. ಈಗ ಬಡಿಸುತ್ತಾಳೆ, ಎದುರಿನ ಕುರ್ಚಿಯ ಬೆನ್ನು ಹಿಡಿದು ನಿಂತು ನಾನು ತಿನ್ನುವುದನ್ನು ನೋಡುತ್ತಾಳೆ, ನಂದು ಆಯ್ತು ಎನ್ನುತ್ತಾಳೆ. ಯಾವಾಗ ಆಯ್ತು? ಅಡುಗೆಮನೆಯಲ್ಲಿ ಹೋಗಿ ನೋಡಿದರೆ ತಟ್ಟೆ ತೊಳೆದಿಟ್ಟಿರುತ್ತದೆ, ಒಣಗಿರುತ್ತದೆ.

ರಂಜಾನ್ ಬಂದರೆ ಸರಿಹೋಗುತ್ತದೆ ಎಂದುಕೊಂಡಿದ್ದೆ. ನನಗೆ ಈ ವರ್ಷ ಉಪವಾಸ ಬೇಡ, ದಿನವಿಡೀ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ಅಂಗಡಿಯಲ್ಲಿ ಹಗ್ಗದ ಸುರುಳಿಗಳ ಹಿಂದೆ ನಿಂತು ಕಳ್ಳನ ಹಾಗೆ ಕುಡಿಯುತ್ತೇನೆ. ಉಪವಾಸ ಇರುವವಳು ಅವಳು. ಸಂಜೆ ಬಾಂಗ್ ಕೂಗಿದಾಗ ಮೇಜಿನ ಮೇಲೆ ಎಲ್ಲವೂ ಇರುತ್ತದೆ, ಖರ್ಜೂರ, ಬೇಳೆ ಸಾರು, ಒಣ ಏಪ್ರಿಕಾಟಿನ ಪಾನಕ. ಅವಳು ಮಾತ್ರ ಅಡುಗೆಮನೆಯಲ್ಲಿ ನಿಂತೇ ಒಂದು ಲೋಟ ನೀರು ಕುಡಿದು ಉಪವಾಸ ಬಿಡುತ್ತಾಳೆ. ಬಾ, ಕೂತುಕೋ ಎಂದು ಕರೆದೆ. ಬಂದಳು. ಕೈಗಳನ್ನು ಮಡಿಲಲ್ಲಿಟ್ಟು ಕೂತಳು. "ನೀನು ತಿನ್ನು. ನನಗೆ ಆಮೇಲೆ" ಎಂದಳು. ಇಡೀ ದಿನ ಹಸಿದವಳು ಹಾಗೆ ಕೂತಿದ್ದರೆ ಎದುರಿಗಿದ್ದವನ ಗಂಟಲಲ್ಲಿ ಸಾರು ಇಳಿಯುತ್ತದೆಯೇ?

ಮಗಳು ಹನೀನ್ ಗಂಡನ ಜೊತೆ ಇಫ್ತಾರಿಗೆ ಬಂದಿದ್ದಳು. ಅವಳ ಮುಂದೆಯೂ ಹೀಗೆಯೇ. ಹೊರಡುವಾಗ ನನ್ನನ್ನು ಬಾಗಿಲ ಹತ್ತಿರ ಹಿಡಿದು ನಿಲ್ಲಿಸಿದಳು.

"ಅಪ್ಪಾ, ಅಮ್ಮನಿಗೆ ಏನಂದೆ?"

"ಏನೂ ಅಂದಿಲ್ಲ ಮಗಳೇ. ಒಂದು ಮಾತೂ ಅಂದಿಲ್ಲ."

ಅವಳು ನಂಬಲಿಲ್ಲ. ಆದರೆ ಅದು ನಿಜ ಫಕ್ರಿ, ಒಂದು ಮಾತೂ ಅಂದಿಲ್ಲ.

ಮರುದಿನ ನನಗೊಂದು ಹುಚ್ಚು ಯೋಚನೆ ಬಂತು. ನಾನು ಹಳೆಯ ಹಾಗೆ ತಿಂದರೆ ಅವಳೂ ಬಂದು ಕೂತಾಳು. ಪೇಟೆಯಿಂದ ಕತಾಯಿಫ್ ತಂದೆ, ಸಕ್ಕರೆ ಪಾಕದಲ್ಲಿ ಅದ್ದಿದ್ದು, ಒಳಗೆ ಬಾದಾಮಿ ತುಂಬಿದ್ದು. ಅವಳ ಮುಂದೆ ಒಂದು ತಿಂದೆ. ನೋಡು, ಏನೂ ಆಗಲಿಲ್ಲ ಎಂದೆ. ಇನ್ನೊಂದು ತಿಂದೆ. ಸ್ವಲ್ಪ ಹೊತ್ತಿನಲ್ಲೇ ಎದೆ ನಗಾರಿಯ ಹಾಗೆ ಬಡಿದುಕೊಂಡಿತು. ಮೈಯೆಲ್ಲ ತಣ್ಣನೆಯ ಬೆವರು. ನಿಲ್ಲಲಾರದೆ ನೆಲದ ಮೇಲೆ ಮಲಗಿಬಿಟ್ಟೆ. ಅವಳು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆಯಿಂದ ಹಣೆ ಒರೆಸಿದಳು. ಆ ತೊಡೆ ನನಗೆ ಗೊತ್ತು, ಆ ಕೈ ಗೊತ್ತು. ಅಷ್ಟು ಹೊತ್ತು ಎಲ್ಲವೂ ಮೊದಲಿನ ಹಾಗೇ ಇತ್ತು. ಯಾಕೆ ತಿಂದೆ ಎಂದು ಕೇಳಿದಳು. ನಿನ್ನ ಜೊತೆ ತಿನ್ನಬೇಕು ಅನ್ನಿಸಿತು ಎಂದೆ. ಅವಳು ಬಟ್ಟೆ ಹಿಂಡಿ ಮತ್ತೆ ಹಣೆಗಿಟ್ಟಳು. ನನಗೆ ಚೇತರಿಕೆ ಬಂದ ಮೇಲೆ ಉಳಿದ ಕತಾಯಿಫನ್ನು ಕಟ್ಟಿ ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟುಬಂದಳು.

ಅವಳು ಸೊರಗಿಲ್ಲ. ಎಲ್ಲೋ ತಿನ್ನುತ್ತಾಳೆ, ನನ್ನ ಕಣ್ಣಿಗೆ ಬೀಳದ ಹಾಗೆ. ಒಮ್ಮೆ ಆಪರೇಷನ್ನಿನ ಡಾಕ್ಟರ ನಂಬರು ಇದೆಯಾ ಎಂದು ಕೇಳಿದಳು. ಯಾಕೆ ಎಂದರೆ ಸುಮ್ಮನೆ ಎಂದಳು. ನಂಬರು ಕೊಡಲೋ ಬೇಡವೋ ತಿಳಿಯಲಿಲ್ಲ. ಕೊಟ್ಟರೆ ಮಾಡಿಸಿಕೋ ಎಂದ ಹಾಗೆ. ಕೊಡದಿದ್ದರೆ ಅವಳು ಏನೆಂದುಕೊಳ್ಳುತ್ತಾಳೋ. ಮನೆಯಲ್ಲೇ ಇದೆ ಹುಡುಕುತ್ತೇನೆ ಎಂದು ಹೇಳಿ ಜಾರಿಕೊಂಡೆ. ಮತ್ತೆ ಅವಳೂ ಕೇಳಲಿಲ್ಲ.

ನಿನಗೆ ಅವಳು ಗೊತ್ತು, ನಾನೂ ಗೊತ್ತು. ನಿನ್ನ ಹೆಂಡತಿ ತೀರಿಕೊಂಡ ಆ ಚಳಿಗಾಲವೆಲ್ಲ ನಮ್ಮ ಮೇಜಿನಲ್ಲೇ ಉಂಡವನು ನೀನು. ಏನು ಮಾಡಲಿ ಎಂದು ತಿಳಿದರೆ ಬರೆ. ತಿಳಿಯದಿದ್ದರೂ ಬರೆ. ನಿನ್ನ ಕಿವಿ ಹೋದರೂ ಕಣ್ಣು, ಕೈ ಗಟ್ಟಿಯಾಗಿರಲಿ. ನಿನ್ನ ಮೊಮ್ಮಗುವಿಗೆ ನನ್ನ ಮುತ್ತು. ಈ ತಿಂಗಳ ಪ್ರಾರ್ಥನೆಗಳಲ್ಲಿ ನಮ್ಮಿಬ್ಬರ ಹೆಸರನ್ನೂ ಒಟ್ಟಿಗೆ ಸೇರಿಸಿ ಹೇಳು.

ನಿನ್ನ
ವಗ್ದಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ.

ರಂಜಾನ್ ಇನ್ನೂ ಬಂದಿರಲಿಲ್ಲ. ಬಿರುಗಾಳಿ ಎದ್ದು ಅಲೆ ರಸ್ತೆಗೆ ಬಡಿಯುತ್ತಿತ್ತು. ದೋಣಿಗಳು ಹೊರಟಿರಲಿಲ್ಲ, ವ್ಯಾಪಾರವಿಲ್ಲವೆಂದು ಮಧ್ಯಾಹ್ನವೇ ಅಂಗಡಿ ಮುಚ್ಚಿ ನಿಲ್ದಾಣದ ಕಡೆ ನಡೆದು ಹೋದೆ. ಆ ಲಿವರ್ ಹುರಿಯುವ ಅಂಗಡಿಯ ಮುಂದೆ ವಾಸನೆಗೆ ಕಾಲು ನಿಂತಿತು. ಒಳಗೆ ಒಬ್ಬ ಹೆಂಗಸು ಬೀದಿಗೆ ಬೆನ್ನು ಹಾಕಿ, ಗೋಡೆಯ ಕನ್ನಡಿಗೆ ಮುಖ ಮಾಡಿ ಕೂತು ತಿನ್ನುತ್ತಿದ್ದಳು. ಕುರ್ಚಿಯ ಎರಡು ಬದಿಗೂ ಮೈ ಇಳಿದಿತ್ತು. ಇಷ್ಟು ದಪ್ಪ ಇದ್ದಾಳೆ, ಆದರೂ ಹೇಗೆ ತಿನ್ನುತ್ತಾಳೆ ನೋಡು ಎಂದುಕೊಂಡೆ. ನಾನೇ ಅಂದುಕೊಂಡೆ, ನನ್ನದೇ ತಲೆಯಲ್ಲಿ. ಆಮೇಲೆ ಕನ್ನಡಿಯಲ್ಲಿ ರಾವಿಯಾಳ ಕಣ್ಣು ಕಂಡಿತು. ಅವಳು ಆಗಲೇ ನನ್ನನ್ನು ನೋಡುತ್ತಿದ್ದಳು. ತಕ್ಷಣ ನಕ್ಕು ಕೈ ಎತ್ತಿದೆ, ಆದರೆ ತಡವಾಗಿತ್ತು.

ಒಳಗೆ ಹೋಗಲು ಕಾಲು ಬರಲಿಲ್ಲ. ಸುತ್ತಾಡಿ ಮನೆಗೆ ಬಂದಾಗ ಅವಳು ನನಗಿಂತ ಮುಂಚೆ ತಲುಪಿ ಸಾರು ಬಿಸಿಮಾಡುತ್ತಿದ್ದಳು. ಬಟ್ಟಲು ತಂದು ನನ್ನ ಮುಂದಿಟ್ಟು, ಮೇಜು ಒರೆಸುತ್ತಾ, ಕೋಪವಿಲ್ಲದೆ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು:

"ಇಷ್ಟು ವರ್ಷ ಬೀದೀಲಿ ಜನ ಆ ಮುಖ ಮಾಡಿ ನಮ್ಮನ್ನ ನೋಡ್ದಾಗೆಲ್ಲ ನಿನ್ನ ಕೈ ಹಿಡ್ಕೊಳ್ತಿದ್ದೆ, ವಗ್ದಿ."

ಆಮೇಲೆ ಸಾರಿಗೆ ಉಪ್ಪು ಸಾಕಾ ಎಂದು ಕೇಳಿದಳು. ಸಾಕು ಎಂದೆ.